ದೋಣಿಯಲ್ಲಿ ಕೋವಿ: ಕಡಲಿಗೆ ಇಳಿಯುವ ಮೊದಲು ಮಾಡಬೇಕಾದ ಕೆಲಸಗಳು

ಬಹಾಮಾಸ್‌ನ ಬಿಮಿನಿಯಲ್ಲಿ ದೋಣಿ ಕಟ್ಟಿ, ಕಸ್ಟಮ್ಸ್ ಕಚೇರಿಗೆ ಹೋಗುವ ಮೊದಲು ತೋಟಾಗಳನ್ನು ಮೂರನೇ ಸಲ ಎಣಿಸುತ್ತಿದ್ದೆ. ಐದು ಡಬ್ಬಿ, ತಲಾ 10. ಕಾಗದದಲ್ಲೂ 50 ಎಂದೇ ಬರೆದಿದ್ದೆ. ಅಷ್ಟರಲ್ಲಿ ನನ್ನ ಹೆಂಡತಿ ಒದ್ದೆ ಜಾಕೆಟ್ ಒಣಹಾಕಲು ಎತ್ತಿಕೊಂಡವಳು, "ಇದೇನ್ರೀ ಜೇಬಲ್ಲಿ?" ಎಂದಳು. ಕೆಂಪು ಪ್ಲಾಸ್ಟಿಕ್ಕಿನ ಒಂದು ತೋಟಾ. ಬುಡದ ಹಿತ್ತಾಳೆ ಆಗಲೇ ಹಸಿರು ಹಿಡಿದಿತ್ತು. ಎರಡು ತಿಂಗಳ ಹಿಂದೆ ಗುರಿ ಅಭ್ಯಾಸಕ್ಕೆ ಹೋದಾಗ ಜೇಬಿಗೆ ಹಾಕಿಕೊಂಡು ಮರೆತಿದ್ದೆ.

ಆಗ ನನಗೆ ಕೈಕಾಲು ತಣ್ಣಗಾಯಿತು. 50 ಹೋಗಿ 51 ಆದರೆ ಏನಾಯಿತು ಅಂತ ನಿಮಗೆ ಅನ್ನಿಸಬಹುದು. ಪಕ್ಕದ ಟರ್ಕ್ಸ್ ಆ್ಯಂಡ್ ಕೈಕೋಸ್ ದ್ವೀಪಗಳಲ್ಲಿ 2023-24ರಲ್ಲಿ ಐವರು ಅಮೆರಿಕನ್ ಪ್ರವಾಸಿಗರು ಸಿಕ್ಕಿಬಿದ್ದದ್ದು ಬ್ಯಾಗಿನಲ್ಲಿ ಮರೆತುಹೋಗಿದ್ದ ಗುಂಡುಗಳಿಂದಲೇ. ಕೋವಿ ಇರಲಿಲ್ಲ, ಬರೀ ಗುಂಡು. ಅಲ್ಲಿನ ಆಗಿನ ಕಾನೂನಿನ ಪ್ರಕಾರ ಕನಿಷ್ಠ ಶಿಕ್ಷೆ 12 ವರ್ಷ ಜೈಲು. ಕೊನೆಗೆ ಅವರು ದಂಡ ಕಟ್ಟಿ ಮನೆಗೆ ಬಂದರು. 2024ರಲ್ಲೇ ನ್ಯಾಯಾಧೀಶರ ವಿವೇಚನೆಗೆ ಜಾಸ್ತಿ ಜಾಗ ಸಿಗುವ ಹಾಗೆ ಕಾನೂನನ್ನೂ ತಿದ್ದಿದರು. ಅಷ್ಟರಲ್ಲಿ ಅವರು ಪಟ್ಟ ಪಾಡು ಯಾರಿಗೂ ಬೇಡ.

ನಾವಿರುವುದು ಫ್ಲೋರಿಡಾದಲ್ಲಿ. ನಮ್ಮದು 36 ಅಡಿಯ ಹಾಯಿದೋಣಿ. ಇಲ್ಲಿ ದೋಣಿ ಇಟ್ಟುಕೊಂಡ ಕನ್ನಡದವರು ಕಡಿಮೆ, ಆದರೆ ಇದ್ದಾರೆ. ಅವರಲ್ಲಿ ಯಾರು ಸಿಕ್ಕಿದರೂ ಒಂದಲ್ಲ ಒಂದು ಸಲ ಕೇಳುವ ಪ್ರಶ್ನೆ ಇದು: "ದೂರ ಹೋಗುವಾಗ ಕೋವಿ ಇಟ್ಕೋಬೇಕಾ?" ಒಂದೇ ಮಾತಿನಲ್ಲಿ ಉತ್ತರ ಹೇಳೋಕೆ ಆಗಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ನಾನು ವಕೀಲನಲ್ಲ. ಕಾನೂನು ಬದಲಾಗುತ್ತಾ ಇರುತ್ತದೆ. ಹಾಗಾಗಿ ಪ್ರತಿ ಪ್ರಯಾಣದ ಮೊದಲು ಆಯಾ ದೇಶದ ಕಸ್ಟಮ್ಸ್‌ನವರಿಗೆ ಬರೆದು ಕೇಳಿ, ಬಂದ ಉತ್ತರವನ್ನು ಮುದ್ರಿಸಿ ಇಟ್ಟುಕೊಳ್ಳಿ.

ಮೊದಲು ನಿಮ್ಮನ್ನೇ ಕೇಳಿಕೊಳ್ಳಿ

ಕೋವಿ ಬೇಕು ಅನ್ನುವವರು ಎರಡು ಘಟನೆ ತಿಳಿದಿರಬೇಕು.

ಒಂದು, 2005ರ ಮಾರ್ಚ್. ಯೆಮನ್ ಕರಾವಳಿಯಾಚೆ ಎರಡು ಹಾಯಿದೋಣಿಗಳು ಜೊತೆಯಾಗಿ ಹೋಗುತ್ತಿದ್ದವು. ಎರಡು ವೇಗದ ದೋಣಿಗಳಲ್ಲಿ ಬಂದವರು ಆಟೊಮ್ಯಾಟಿಕ್ ಬಂದೂಕುಗಳಿಂದ ಗುಂಡು ಹಾರಿಸಿದರು. ಒಂದು ಹಾಯಿದೋಣಿಯವರು 12 ಬೋರ್ ಕೋವಿಯಿಂದ ತಿರುಗಿ ಹೊಡೆದರು. ಇನ್ನೊಂದರವರು ಕಡಲ್ಗಳ್ಳರ ದೋಣಿಗೇ ತಮ್ಮ ದೋಣಿಯನ್ನು ಗುದ್ದಿಸಿದರು. ಹಾಯಿದೋಣಿಯವರೆಲ್ಲ ಬದುಕಿ ಬಂದರು. ಕೋವಿ ಕೆಲಸಕ್ಕೆ ಬಂದ ಉದಾಹರಣೆ ಇದು. ಇಲ್ಲ ಅನ್ನೋಕಾಗಲ್ಲ.

ಎರಡು, 2001ರ ಡಿಸೆಂಬರ್. ನ್ಯೂಜಿಲೆಂಡ್‌ನ ಸರ್ ಪೀಟರ್ ಬ್ಲೇಕ್, ಅಮೆರಿಕಾಸ್ ಕಪ್ ಎಂಬ ಹಾಯಿದೋಣಿ ಪಂದ್ಯ ಗೆದ್ದು ತಂದ ನಾವಿಕ. ಅಮೆಜಾನ್ ನದಿಯ ಬಾಯಲ್ಲಿ, ಬ್ರೆಜಿಲ್‌ನ ಮಕಾಪಾ ಊರಿನ ಹತ್ತಿರ 'ಸೀಮಾಸ್ಟರ್' ಎಂಬ ತಮ್ಮ ದೋಣಿಗೆ ಲಂಗರು ಹಾಕಿದ್ದರು. ರಾತ್ರಿ ಮುಸುಕು ಹಾಕಿದ ದರೋಡೆಕೋರರು ಹತ್ತಿದರು. ಬ್ಲೇಕ್ ಕೆಳಗೆ ಹೋಗಿ ರೈಫಲ್ ತಂದರು, ಒಬ್ಬನ ಕೈಗೆ ಹೊಡೆದರು. ಆಮೇಲೆ ರೈಫಲ್ ಒಳಗೇ ಕಚ್ಚಿಕೊಂಡು ಗುಂಡು ಹಾರದಾಯಿತು. ಅವರ ಬೆನ್ನಿಗೆ ಗುಂಡು ಬಿತ್ತು. 53 ವರ್ಷದ ಮನುಷ್ಯ. ಸಿಬ್ಬಂದಿಯ ಉಳಿದವರೆಲ್ಲ ಬದುಕಿದರು. ಕಳ್ಳರು ಒಯ್ದದ್ದು ವಾಚು, ಕ್ಯಾಮೆರಾ, ಸಣ್ಣ ರಬ್ಬರ್ ದೋಣಿ ಮತ್ತು ಅದರ ಎಂಜಿನ್.

ಈ ಎರಡಕ್ಕೂ ಇರುವ ವ್ಯತ್ಯಾಸ ನೋಡಿ. ಯೆಮನ್ ಹತ್ತಿರ ತೆರೆದ ಕಡಲು, ಹಗಲು, ದೂರದಿಂದ ಬರುವುದು ಕಾಣುತ್ತಿತ್ತು. ಮಕಾಪಾದಲ್ಲಿ ರಾತ್ರಿ, ಲಂಗರು ಹಾಕಿದ ದೋಣಿ, ಕಳ್ಳರು ಆಗಲೇ ಡೆಕ್ ಮೇಲಿದ್ದರು. ನಮ್ಮಂಥವರಿಗೆ ಬರುವ ತೊಂದರೆ ಹೆಚ್ಚಾಗಿ ಎರಡನೇ ಬಗೆಯದು. ಲಂಗರು ಹಾಕಿ ಮಲಗಿದಾಗ ಸಣ್ಣ ದೋಣಿ ಕದಿಯುವವರು, ಫೋನು ಕಾಸು ಹುಡುಕುವವರು. ಅವರು ಕಾಲಿಟ್ಟ ಮೇಲೆ ಕೋವಿಗೆ ಕೈ ಹಾಕುವುದೆಂದರೆ, ಹೋಗಲಿ ಬಿಡು ಅನ್ನಬಹುದಾದ ಕಳ್ಳತನವನ್ನು ಕೊಲೆಯವರೆಗೆ ಎಳೆದ ಹಾಗೆ.

ಅದಕ್ಕೆ ಹೊರಡುವ ಮೊದಲು ಮನೆಯವರೆಲ್ಲ ಕೂತು ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಯಾವ ಪರಿಸ್ಥಿತಿಯಲ್ಲಿ ಕೋವಿ ಹೊರಗೆ ಬರುತ್ತದೆ, ಯಾವಾಗ ಬರುವುದಿಲ್ಲ, ಯಾರು ಮುಟ್ಟುತ್ತಾರೆ. ನಮ್ಮ ಹಾಳೆಯಲ್ಲಿ ಹೀಗಿದೆ: "ವಸ್ತುಗಳಿಗೋಸ್ಕರ ಇಲ್ಲ. ಕಳ್ಳ ಆಗಲೇ ಒಳಗಿದ್ದರೆ ಇಲ್ಲ. ನಮ್ಮನ್ನೇ ಹಿಡಿಯಲು ಅಥವಾ ಕೊಲ್ಲಲು ಬರುತ್ತಿದ್ದಾರೆ, ಓಡಲು ದಾರಿ ಇಲ್ಲ ಅಂದಾಗ ಮಾತ್ರ." ಇದನ್ನು ಬರೆಯಲು ನಮಗೆ ಒಂದು ಸಂಜೆ ಪೂರ್ತಿ ಬೇಕಾಯಿತು. ಜಗಳವೂ ಆಯಿತು. ಈ ಹಾಳೆ ಬರೆಯಲು ಮನಸ್ಸಾಗದಿದ್ದರೆ ಕೋವಿ ತಗೊಳ್ಳಬೇಡಿ. ಅದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ.

ವೀಸಾ ನೋಡಿಕೊಳ್ಳಿ

ಇದು ನಮ್ಮವರಿಗೆ ತುಂಬಾ ಮುಖ್ಯ. ಯಾಕೋ ಯಾರೂ ಇದನ್ನು ಹೇಳುವುದಿಲ್ಲ. ಅಮೆರಿಕದಲ್ಲಿ ಎಚ್-1ಬಿ, ಎಫ್-1 ಅಂಥ ತಾತ್ಕಾಲಿಕ ವೀಸಾದಲ್ಲಿ ಇರುವವರು ಕೋವಿ ಅಥವಾ ಗುಂಡು ಇಟ್ಟುಕೊಳ್ಳುವುದು ಸಾಮಾನ್ಯವಾಗಿ ಫೆಡರಲ್ ಅಪರಾಧ. ಬೇಟೆ ಪರವಾನಗಿ ಇದ್ದವರಿಗೆ ಒಂದು ವಿನಾಯಿತಿ ಇದೆ. ಆದರೆ ವಲಸೆ ವಕೀಲರನ್ನು ಕೇಳದೆ ಆ ವಿನಾಯಿತಿ ನಂಬಿ ಹೋಗಬೇಡಿ. ಹತ್ತು ವರ್ಷ ಕಾದ ಗ್ರೀನ್ ಕಾರ್ಡ್ ಒಂದು ಡಬ್ಬಿ ತೋಟಾದಿಂದ ಕೈತಪ್ಪಬಹುದು. ಗ್ರೀನ್ ಕಾರ್ಡ್ ಇರುವವರು ಮತ್ತು ನಾಗರಿಕರಿಗೆ ಈ ಅಡ್ಡಿ ಇಲ್ಲ.

ಸ್ನೇಹಿತನ ಕೋವಿ ದೋಣಿಯಲ್ಲಿದ್ದು, ನೀವು ವೀಸಾದಲ್ಲಿರುವ ಅತಿಥಿ ಆಗಿದ್ದರೂ ಎಚ್ಚರ ಇರಲಿ. "ಸ್ವಲ್ಪ ಹಿಡ್ಕೊಳ್ಳಿ" ಅಂದರೂ ಹಿಡಿಯಬೇಡಿ.

ಯಾರ ನೀರು, ಯಾರ ಕಾನೂನು

ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್, ಆ ದೇಶದ ನೀರು. ಅಲ್ಲಿ ಆ ದೇಶದ್ದೇ ಕಾನೂನು. ಅದರಾಚೆ ತೆರೆದ ಕಡಲಿನಲ್ಲಿ ದೋಣಿ ಯಾವ ದೇಶದ ಬಾವುಟ ಹಾರಿಸುತ್ತದೋ ಆ ದೇಶದ ಕಾನೂನು ನಡೆಯುತ್ತದೆ. "ನನ್ನದು ಅಮೆರಿಕದ ದೋಣಿ, ಎಲ್ಲಿ ಹೋದರೂ ಅಮೆರಿಕದ ನೆಲ ಇದ್ದ ಹಾಗೆ" ಎಂದು ನಂಬಿದವರು ತುಂಬಾ ಜನ ಸಿಗುತ್ತಾರೆ. ಲಂಗರು ಬಿದ್ದಲ್ಲಿ ಆ ನಂಬಿಕೆಗೆ ಬೆಲೆ ಇಲ್ಲ.

ಅಮೆರಿಕದ ಒಳಗೇ ಇನ್ನೊಂದು ತೊಡಕಿದೆ. ಅಟ್ಲಾಂಟಿಕ್ ಕಡೆ ದಡದಿಂದ 3 ಮೈಲಿ ರಾಜ್ಯದ ನೀರು. ಫ್ಲೋರಿಡಾದಲ್ಲಿ 2023ರ ಜುಲೈಯಿಂದ ಅರ್ಹತೆ ಇರುವವರು ಪರ್ಮಿಟ್ ಇಲ್ಲದೆಯೂ ಪಿಸ್ತೂಲ್ ಒಯ್ಯಬಹುದು. ಅದೇ ದೋಣಿ ಬೇಸಿಗೆಯಲ್ಲಿ ಮೇಲಕ್ಕೆ ಹೋಗಿ ನ್ಯೂಜೆರ್ಸಿ, ನ್ಯೂಯಾರ್ಕ್ ಮುಟ್ಟಿದರೆ ಅದೇ ಪಿಸ್ತೂಲಿಗೆ ಕೇಸು. ಗುಂಡು ತೆಗೆದು, ಬೀಗ ಹಾಕಿ ರಾಜ್ಯ ದಾಟಲು ರಕ್ಷಣೆ ಕೊಡುವ 1986ರ ಫೆಡರಲ್ ಕಾನೂನು ಒಂದಿದೆ. ಆದರೆ ಅದು ದಾಟಿ ಹೋಗುವವರಿಗೆ. ವಾರಗಟ್ಟಲೆ ಲಂಗರು ಹಾಕಿ ಕೂತವರನ್ನು ಅದು ಕಾಯುತ್ತದೆ ಎಂದು ನೆಚ್ಚಿಕೊಳ್ಳಬೇಡಿ.

ದಾರಿಯಲ್ಲಿ ಬರುವ ದೇಶಗಳ ಪಟ್ಟಿ ಮಾಡಿ

ಹೋಗಬೇಕೆಂದಿರುವ ದೇಶಗಳು ಮಾತ್ರ ಸಾಲದು. ಗಾಳಿ ಕೆಟ್ಟರೆ, ಎಂಜಿನ್ ನಿಂತರೆ ನುಗ್ಗಬೇಕಾಗಬಹುದಾದ ದೇಶಗಳನ್ನೂ ಬರೆಯಿರಿ. ಬಿರುಗಾಳಿ ನಿಮ್ಮನ್ನು ತಳ್ಳುವಾಗ ಕಾನೂನು ನೋಡಿ ತಳ್ಳುವುದಿಲ್ಲ ಅಲ್ವಾ.

ಬಹಾಮಾಸ್ ಸಲೀಸು. ಒಳಗೆ ಬರುವಾಗಲೇ ಕೋವಿಯ ತಯಾರಕರು, ಮಾದರಿ, ಸೀರಿಯಲ್ ನಂಬರ್, ಗುಂಡುಗಳ ನಿಖರ ಲೆಕ್ಕ ಕೊಡಬೇಕು. ಆಮೇಲೆ ಕೋವಿ ದೋಣಿಯಲ್ಲೇ ಬೀಗದೊಳಗೆ ಇರಬಹುದು. ದಡಕ್ಕೆ ಮಾತ್ರ ಇಳಿಯಬಾರದು.

ಕೆರಿಬಿಯನ್‌ನ ಎಷ್ಟೋ ದ್ವೀಪಗಳಲ್ಲಿ ಬೇರೆ ಪದ್ಧತಿ. ಕೋವಿಯನ್ನು ಕಸ್ಟಮ್ಸ್‌ನವರೋ ಪೊಲೀಸರೋ ತಗೊಂಡು, ರಸೀದಿ ಕೊಟ್ಟು, ನೀವು ದೇಶ ಬಿಡುವಾಗ ವಾಪಸ್ ಕೊಡುತ್ತಾರೆ. ನಮ್ಮ ಮಲೆನಾಡಿನವರಿಗೆ ಇದನ್ನು ವಿವರಿಸುವುದು ಸುಲಭ. ಚುನಾವಣೆ ಬಂದಾಗ ತೋಟದ ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಡಬೇಕಲ್ಲ, ಹಾಗೇ. ನಮ್ಮ ಅಪ್ಪ ತೀರ್ಥಹಳ್ಳಿ ಕಡೆಯವರು. ಚುನಾವಣೆ ಮುಗಿದು ಕೋವಿ ವಾಪಸ್ ಬರುವಷ್ಟರಲ್ಲಿ ಮಂಗಗಳು ಬಾಳೆಗೊನೆ ಮುಗಿಸಿರುತ್ತವೆ ಎಂದು ಸಿಟ್ಟು ಮಾಡುತ್ತಿದ್ದರು. ದ್ವೀಪಗಳಲ್ಲಿ ತೊಂದರೆ ಏನೆಂದರೆ, ಕೊಟ್ಟ ಬಂದರಿಗೇ ವಾಪಸ್ ಹೋಗಿ ತಗೋಬೇಕಾಗುತ್ತದೆ. ಉತ್ತರದಿಂದ ಬಂದು ದಕ್ಷಿಣಕ್ಕೆ ಹೋಗುವವರಿಗೆ ಅದು ಎರಡು ಮೂರು ದಿನದ ಸುತ್ತು. ಇನ್ನೊಂದು ವಿಷಯ: ಲಂಗರು ಹಾಕಿ ಮಲಗುವ ರಾತ್ರಿಗಳಲ್ಲೇ ಕೋವಿ ನಿಮ್ಮ ಹತ್ತಿರ ಇರುವುದಿಲ್ಲ. ಯಾವ ಭಯಕ್ಕೆ ಕೋವಿ ತಂದಿರೋ ಆ ಭಯದ ಹೊತ್ತಿಗೆ ಅದು ಠಾಣೆಯಲ್ಲಿ. ಇದು ಗೊತ್ತಾದ ಮೇಲೆ ನಾವು ಕೆಳಗಿನ ದ್ವೀಪಗಳಿಗೆ ಹೋಗುವಾಗ ಕೋವಿಯನ್ನು ಮನೆಯಲ್ಲೇ ಬಿಡುತ್ತೇವೆ.

ಮೆಕ್ಸಿಕೊಕ್ಕೆ ಮೊದಲೇ ಅನುಮತಿ ಇಲ್ಲದೆ ಕೋವಿ, ಗುಂಡು ಎರಡೂ ಬೇಡ. 2014ರಲ್ಲಿ ಅಮೆರಿಕದ ಒಬ್ಬ ಮಾಜಿ ಮರೀನ್ ಸೈನಿಕ ಕಾರಿನಲ್ಲಿ ಕೋವಿಗಳ ಸಮೇತ ಗಡಿ ದಾಟಿ ಟಿಹುವಾನಾದಲ್ಲಿ ಸಿಕ್ಕಿಬಿದ್ದ. ದಾರಿ ತಪ್ಪಿ ಬಂದೆ ಎಂದರೂ ಏಳು ತಿಂಗಳು ಜೈಲಿನಲ್ಲಿದ್ದ. ಕೆನಡಾದಲ್ಲಿ 25 ಡಾಲರ್ ಕಟ್ಟಿ, ಫಾರ್ಮ್ ತುಂಬಿಸಿ ಉದ್ದ ನಳಿಕೆಯ ಸಾಮಾನ್ಯ ಬೇಟೆ ಕೋವಿಯನ್ನು 60 ದಿನಕ್ಕೆ ಒಯ್ಯಬಹುದು. ಆದರೆ ಆತ್ಮರಕ್ಷಣೆ ಎಂಬ ಕಾರಣವನ್ನು ಅವರು ಒಪ್ಪುವುದಿಲ್ಲ, ಪಿಸ್ತೂಲಿನ ಮಾತೇ ಬೇಡ. ಬ್ರಿಟನ್‌ನಲ್ಲಿ ಪೆಪ್ಪರ್ ಸ್ಪ್ರೇ ಕೂಡ ನಿಷೇಧಿತ ಆಯುಧ.

ಹೊರಡುವ ಮೊದಲ ಕಾಗದ

ಅಮೆರಿಕದಿಂದ ಹೊರಡುವವರು ಕಸ್ಟಮ್ಸ್ ಇಲಾಖೆಯ 4457 ನಂಬರಿನ ಫಾರ್ಮ್ ಮಾಡಿಸಿಕೊಳ್ಳಬೇಕು. ಕೋವಿ ಇಲ್ಲಿಂದಲೇ ಹೋದದ್ದು, ಹೊರಗೆ ಕೊಂಡದ್ದಲ್ಲ ಎಂದು ವಾಪಸ್ ಬರುವಾಗ ತೋರಿಸುವ ಕಾಗದ ಅದು. ಅಧಿಕಾರಿ ಸೀರಿಯಲ್ ನಂಬರನ್ನು ಕಣ್ಣಾರೆ ನೋಡಿಯೇ ಸಹಿ ಹಾಕುತ್ತಾರೆ. ಹಾಗಂತ ಕೋವಿ ಹಿಡಿದು ನೇರ ಕಚೇರಿಯೊಳಗೆ ನಡೆಯಬೇಡಿ. ಮೊದಲು ಫೋನ್ ಮಾಡಿ ಸಮಯ ಕೇಳಿ. ಗುಂಡಿಲ್ಲದ ಕೋವಿಯನ್ನು ಬೀಗದ ಪೆಟ್ಟಿಗೆಯಲ್ಲಿಟ್ಟು ಕಾರಿನಲ್ಲೇ ಬಿಡಿ. ಒಳಗೆ ಹೋಗಿ ಹೇಳಿ, ಅವರು ಹೇಗೆ ತರಲು ಹೇಳುತ್ತಾರೋ ಹಾಗೆ ತನ್ನಿ.

ಸ್ವಂತ ಬಳಕೆಗೆ ತಾತ್ಕಾಲಿಕವಾಗಿ ಹೊರಗೆ ಒಯ್ಯಲು ನಾಗರಿಕರಿಗೂ ಗ್ರೀನ್ ಕಾರ್ಡಿನವರಿಗೂ ರಫ್ತು ನಿಯಮದಲ್ಲಿ ವಿನಾಯಿತಿ ಇದೆ. ಗರಿಷ್ಠ ಮೂರು ಕೋವಿ, 1,000 ಗುಂಡು. ಅಷ್ಟೊಂದು ಯಾಕೆ ಬೇಕು? ಒಂದು ಕೋವಿ, 50 ತೋಟಾ ಸಾಕು. ಎಣಿಸಬೇಕಾದವರು ನೀವೇ ತಾನೆ.

ಎಣಿಕೆಗೆ ಒಂದು ಪದ್ಧತಿ ಇಟ್ಟುಕೊಳ್ಳಿ. ನಾವು ಜೇಬಿನ ಆ ತೋಟಾ ಆದಮೇಲೆ ಕಲಿತದ್ದು ಇದು. ತೋಟಾಗಳೆಲ್ಲ ಒಂದೇ ನೀರು ಹೋಗದ ಡಬ್ಬಿಯಲ್ಲಿ. ಡಬ್ಬಿಯ ಮುಚ್ಚಳದ ಒಳಗೆ ಒಂದು ಕಾಗದ: ತಾರೀಖು, ಎಷ್ಟಿತ್ತು, ಎಷ್ಟು ಹೋಯ್ತು, ಎಷ್ಟಿದೆ, ಇಬ್ಬರ ಸಹಿ. ಹೊರಡುವ ಮೊದಲ ದಿನ ಎಲ್ಲರ ಬ್ಯಾಗು, ಜಾಕೆಟ್ಟು, ಕಾರಿನಿಂದ ತಂದ ಚೀಲ ತಿರುವಿಹಾಕಿ ತಡವುತ್ತೇವೆ. ಅಭ್ಯಾಸಕ್ಕೆ ಹೋಗುವ ಬಟ್ಟೆ ಬೇರೆ, ದೋಣಿಯ ಬಟ್ಟೆ ಬೇರೆ. ಖಾಲಿ ತೋಟಾಗಳನ್ನೂ ದೋಣಿಯಲ್ಲಿ ಉಳಿಸಿಕೊಳ್ಳುವುದಿಲ್ಲ. ಅವು ಅಧಿಕಾರಿಯ ಕಣ್ಣಿಗೆ ಬಿದ್ದರೆ "ಇದನ್ನು ಎಲ್ಲಿ ಹೊಡೆದಿರಿ?" ಎಂಬ ಪ್ರಶ್ನೆ ಏಳುತ್ತದೆ.

ಜೊತೆಗೆ ಬರುವವರನ್ನು ಹತ್ತುವ ಮೊದಲೇ ಕೇಳಿ: "ನಿಮ್ಮ ಹತ್ತಿರ ಏನಾದರೂ ಇದೆಯಾ? ಗುಂಡು, ಸ್ಪ್ರೇ, ದೊಡ್ಡ ಚಾಕು?" ನಾಚಿಕೆ ಬೇಡ. ಅವರ ಬ್ಯಾಗಿನಲ್ಲಿ ಸಿಕ್ಕಿದರೂ ಅಧಿಕಾರಿ ಮೊದಲು ಕರೆಯುವುದು ಕ್ಯಾಪ್ಟನ್ನನ್ನೇ. ವಿಮೆ ಕಂಪನಿಗೂ ಒಂದು ಸಾಲು ಬರೆದು ಕೇಳಿ. ಬಾಡಿಗೆ ದೋಣಿಯಾದರೆ ಕರಾರಿನಲ್ಲಿ ಕೋವಿ ಕೂಡದು ಎಂದೇ ಇರುವುದು ಸಾಮಾನ್ಯ.

ಯಾವ ಕೋವಿ, ಎಲ್ಲಿಡುವುದು

ತುಂಬಾ ಜನ ಇದೇ ಮೊದಲ ಪ್ರಶ್ನೆ ಅಂದುಕೊಳ್ಳುತ್ತಾರೆ. ಪಿಸ್ತೂಲನ್ನು ಕಂಡರೆ ಹೆಚ್ಚಿನ ದೇಶಗಳಿಗೆ ಆಗುವುದಿಲ್ಲ. ಮಿಲಿಟರಿ ಬಂದೂಕಿನ ಹಾಗೆ ಕಾಣುವುದಂತೂ ಕಷ್ಟ. ಸಾದಾ 12 ಬೋರ್ ಪಂಪ್ ಕೋವಿಗೆ ಕಡಿಮೆ ತಕರಾರು. ಉಪ್ಪುಗಾಳಿಗೆಂದೇ ನಿಕ್ಕಲ್ ಲೇಪ ಹಾಕಿದ ಮಾದರಿಗಳಿವೆ. ಮಾಸ್‌ಬರ್ಗ್ 590 ಮ್ಯಾರಿನರ್, ರೆಮಿಂಗ್ಟನ್ 870 ಮರೀನ್ ಮ್ಯಾಗ್ನಮ್ ಅಂಥವು. ಅಮೆರಿಕದಲ್ಲಿ ಈ ಕೋವಿಯ ನಳಿಕೆ 18 ಇಂಚಿಗಿಂತ ಗಿಡ್ಡ ಇರಬಾರದು.

ಲೇಪ ಇದೆ ಎಂದು ನಿಶ್ಚಿಂತೆಯಿಂದ ಕೂರಬೇಡಿ. ನಮ್ಮದು ಮೂರು ವಾರ ಪೆಟ್ಟಿಗೆಯಲ್ಲೇ ಇತ್ತು. ತೆಗೆದು ನೋಡಿದರೆ ಗುರಿ ನೋಡುವ ಸಣ್ಣ ಮಣಿಯ ಬುಡದಲ್ಲಿ, ಸ್ಕ್ರೂಗಳ ತಲೆಯಲ್ಲಿ ಕಿತ್ತಳೆ ಬಣ್ಣದ ತುಕ್ಕು. ತೋಟಾ ತುಂಬುವ ಬಾಯಿಯ ಸ್ಪ್ರಿಂಗು ಒತ್ತಿದರೆ ಮರಳು ಉಜ್ಜಿದ ಹಾಗೆ ಕರಕರ. ಹೊರಗೆ ಹೊಳೆಯುತ್ತಿತ್ತು, ಒಳಗೆ ಹಿಡಿದುಕೊಂಡಿತ್ತು. ಬ್ಲೇಕ್ ಅವರ ರೈಫಲ್ ನೆನಪಾಗಿ ಹೊಟ್ಟೆ ತೊಳಸಿತು. ಈಗ ವಾರಕ್ಕೊಮ್ಮೆ, ಭಾನುವಾರ ಕಾಫಿ ಆದಮೇಲೆ, ಹಳೇ ಟೀ ಶರ್ಟಿನ ತುಂಡಿಗೆ ಕೋವಿ ಎಣ್ಣೆ ಹಾಕಿ ಒರೆಸುತ್ತೇನೆ. ಪೆಟ್ಟಿಗೆಯಲ್ಲಿ ತೇವ ಹೀರುವ ಸಿಲಿಕಾ ಚೀಲ ಎರಡು. ಫೋಮಿನ ಹಾಸು ಇರುವ ಪೆಟ್ಟಿಗೆ ಬೇಡ, ಅದು ಉಪ್ಪುನೀರನ್ನು ಸ್ಪಂಜಿನ ಹಾಗೆ ಹಿಡಿದಿಟ್ಟುಕೊಳ್ಳುತ್ತದೆ. ತೋಟಾಗಳನ್ನೂ ವರ್ಷಕ್ಕೊಮ್ಮೆ ಬದಲಿಸಿ.

ಪೆಟ್ಟಿಗೆಯನ್ನು ದೋಣಿಯ ಮೈಗೆ ಬೋಲ್ಟ್ ಹಾಕಿ ಬಿಗಿಯಬೇಕು. ಎಲೆಕ್ಟ್ರಾನಿಕ್ ಬೀಗ ಉಪ್ಪಿಗೆ ಸಾಯುತ್ತದೆ, ಬೀಗದಕೈಯದ್ದೇ ಇರಲಿ. ತೋಟಾ ಬೇರೆ ಬೀಗದಲ್ಲಿ. ಮಕ್ಕಳಿದ್ದರೆ ಬೀಗದಕೈ ಕ್ಯಾಪ್ಟನ್ ಕೊರಳಲ್ಲೇ ಇರಲಿ. ಗುಪ್ತ ಜಾಗ ಮಾಡಿ ಅಡಗಿಸಿಡಲು ಹೇಳಿಕೊಡುವವರು ಸಿಗುತ್ತಾರೆ. ಅವರ ಮಾತು ಕೇಳಬೇಡಿ. ಹೇಳಿ ಇಟ್ಟ ಕೋವಿ ಒಂದು ಸಾಮಾನು. ಅಡಗಿಸಿದ ಕೋವಿ ಸಿಕ್ಕಿದರೆ ನೀವು ಕಳ್ಳಸಾಗಣೆದಾರರು. ದೋಣಿಯೂ ಹೋಗುತ್ತದೆ.

ಅಭ್ಯಾಸ ಇಲ್ಲದೆ ಇದೆಲ್ಲ ವ್ಯರ್ಥ. ನೆಲದ ಮೇಲೆ ನಿಂತು ಹೊಡೆಯುವುದು ಬೇರೆ, ಅಲೆಯ ಮೇಲೆ ತೊಟ್ಟಿಲಾಡುವಾಗ ಬೇರೆ. ಗಾಜಿನ ನಾರಿನ ದೋಣಿಗೆ, ಅಂದರೆ ಫೈಬರ್ ಗ್ಲಾಸಿಗೆ, ಗುಂಡು ತಡೆಯುವ ಶಕ್ತಿ ಇಲ್ಲ. ಹೊರಗಿಂದ ಬಂದದ್ದೂ ಒಳಗೆ ಬರುತ್ತದೆ, ಒಳಗಿಂದ ಹೊಡೆದದ್ದೂ ಗ್ಯಾಸ್ ಸಿಲಿಂಡರ್, ಡೀಸೆಲ್ ಟ್ಯಾಂಕ್ ಕಡೆ ಹೋಗಬಹುದು. ದಡದ ರೇಂಜಿನಲ್ಲಿ ಒಳ್ಳೆಯ ತರಬೇತುದಾರರ ಹತ್ತಿರ ಕಲಿಯಿರಿ. ದೋಣಿಯಲ್ಲಿ ಡಮ್ಮಿ ತೋಟಾ ಹಾಕಿ ಕತ್ತಲಲ್ಲಿ ತುಂಬುವುದು, ತೆಗೆಯುವುದು ಅಭ್ಯಾಸ ಮಾಡಿ.

ಫ್ಲೇರ್ ಗನ್ ಇದೆಯಲ್ಲ, ಸಾಕು ಅನ್ನುವವರಿಗೆ ಒಂದು ಮಾತು. ಅದು ಅಪಾಯದಲ್ಲಿ ಬೆಳಕು ಹಾರಿಸಿ ಸಹಾಯ ಕೇಳುವ ಸಾಧನ. ಉರಿಯುವ ಬೆಂಕಿಯುಂಡೆಯನ್ನು ಪ್ಲಾಸ್ಟಿಕ್ ದೋಣಿಯ ಮೇಲೆ ನಿಂತು ಮನುಷ್ಯರ ಕಡೆ ಹಾರಿಸಿದರೆ ಮೊದಲು ಸುಡುವುದು ನಿಮ್ಮ ಹಾಯಿ. ಅದರಲ್ಲಿ ಗುಂಡು ಹಾಕುವ ಅಡಾಪ್ಟರ್ ತೂರಿಸಿದರೆ ಅದು ಕಾನೂನಿನ ಕಣ್ಣಲ್ಲಿ ಕೋವಿಯೇ ಆಗಿಬಿಡುತ್ತದೆ.

ಬಂದರು ಮುಟ್ಟಿದಾಗ

ಕಸ್ಟಮ್ಸ್ ತಪಾಸಣೆ ಇನ್ನೂ ಆಗಿಲ್ಲ ಎಂದು ಹೇಳುವ ಹಳದಿ ಬಾವುಟ ಏರಿಸಿ. ಕ್ಯಾಪ್ಟನ್ ಒಬ್ಬರೇ ಇಳಿಯಬೇಕು, ಉಳಿದವರು ದೋಣಿಯಲ್ಲೇ. ಕೋವಿಯನ್ನು ಕೈಯಲ್ಲಿ ಹಿಡಿದು ಹೋಗಬೇಡಿ. ಫೈಲ್ ಮಾತ್ರ: ಪಾಸ್‌ಪೋರ್ಟ್, ದೋಣಿಯ ನೋಂದಣಿ, 4457, ಸೀರಿಯಲ್ ನಂಬರಿನ ಫೋಟೊ, ತೋಟಾ ಲೆಕ್ಕದ ಎರಡು ಪ್ರತಿ. ಅಧಿಕಾರಿ ಕೇಳುವ ಮೊದಲೇ ನೀವೇ ಹೇಳಿ. ಅವರು ಬರೆದುಕೊಂಡ ಸೀರಿಯಲ್ ನಂಬರನ್ನು ನಿಮ್ಮ ಫೋಟೊ ಜೊತೆ ಅಕ್ಷರ ಅಕ್ಷರ ಹೋಲಿಸಿ ನೋಡಿ. ಸೊನ್ನೆಯ ಜಾಗದಲ್ಲಿ 'ಓ' ಬಿದ್ದರೂ ಹೊರಡುವ ದಿನ ಅದೇ ದೊಡ್ಡ ತಲೆನೋವು.

ಅವತ್ತು ಬಿಮಿನಿಯಲ್ಲಿ ನಾನು 50ನ್ನು ಹೊಡೆದುಹಾಕಿ 51 ಬರೆದು, ನಡೆದದ್ದನ್ನು ಇದ್ದ ಹಾಗೇ ಹೇಳಿದೆ. ಆ ಅಧಿಕಾರಿ ಹೆಂಗಸು ಕನ್ನಡಕ ಮೇಲೆತ್ತಿ ನನ್ನ ಮುಖ ನೋಡಿದರು. "ಹೇಳಿದ್ದು ಒಳ್ಳೇದಾಯ್ತು" ಎಂದು 51 ಬರೆದುಕೊಂಡರು. ಅಷ್ಟೇ. ನನ್ನ ಅಂಗಿ ಬೆವರಿಗೆ ಬೆನ್ನಿಗೆ ಅಂಟಿಕೊಂಡಿತ್ತು.

ಅಮೆರಿಕದ ಕೋಸ್ಟ್ ಗಾರ್ಡ್ ವಾರಂಟ್ ಇಲ್ಲದೆಯೇ ದೋಣಿ ಹತ್ತಬಹುದು. ಹತ್ತುವ ಮೊದಲು ಅವರು ಕೇಳುವುದೇ "ಆಯುಧ ಇದೆಯಾ?" ಎಂದು. ಕೈ ಎರಡೂ ಕಾಣುವ ಹಾಗೆ ಇಟ್ಟುಕೊಂಡು, "ಇದೆ, ಕೆಳಗಿನ ಕೋಣೆಯಲ್ಲಿ, ಬೀಗದೊಳಗೆ, ಗುಂಡು ಹಾಕಿಲ್ಲ" ಎಂದು ಮೆಲ್ಲಗೆ ಹೇಳಿ. ತೋರಿಸುತ್ತೇನೆ ಬನ್ನಿ ಎಂದು ಉತ್ಸಾಹದಿಂದ ಕೆಳಗೆ ಓಡಬೇಡಿ. ಅವರು ಹೇಳುವವರೆಗೆ ಯಾರೂ ಅಲ್ಲಾಡಬಾರದು. ಮಕ್ಕಳಿಗೂ ಇದನ್ನು ಮೊದಲೇ ಹೇಳಿಕೊಡಿ.

ಕತ್ತಲಲ್ಲಿ ಬರುವ ದೋಣಿ

ಈ ಭಾಗಕ್ಕೆ ದಯವಿಟ್ಟು ಸಮಯ ಕೊಟ್ಟು ಓದಿ.

ಬಹಾಮಾಸ್‌ನ ಎಕ್ಸೂಮಾ ದ್ವೀಪಗಳಲ್ಲಿ ಒಂದು ರಾತ್ರಿ ಎರಡು ಗಂಟೆ. ದೀಪ ಇಲ್ಲದ ಒಂದು ಸಣ್ಣ ದೋಣಿ ಎಂಜಿನ್ ತಗ್ಗಿಸಿ ನಮ್ಮ ಕಡೆಗೇ ಬರುತ್ತಿತ್ತು. ನಾನು ಎದ್ದು ಕೊರಳಿನ ಬೀಗದಕೈ ಹಿಡಿದುಕೊಂಡೆ. ಹೆಂಡತಿ ನನ್ನ ಕೈ ಹಿಡಿದು ಹಾಳೆಯ ಮಾತು ನೆನಪಿಸಿದಳು. ಹೊರಗಿನ ದೊಡ್ಡ ದೀಪ ಹಾಕಿದಳು, ನಾನು ಹಾರ್ನ್ ಒತ್ತಿದೆ. ದೋಣಿಯಲ್ಲಿದ್ದವರು ಇಬ್ಬರು ಮೀನುಗಾರರು. ಒಬ್ಬ ಹುಡುಗ, ಒಬ್ಬ ವಯಸ್ಸಾದವರು. ಬೆಳಕಿಗೆ ಕಣ್ಣು ಮುಚ್ಚಿಕೊಂಡು ಕೂಗಿದರು: "ಕ್ಯಾಪ್ಟನ್, ನಿಮ್ಮ ಲಂಗರು ಜಾರುತ್ತಿದೆ!" ನೋಡಿದರೆ ನಿಜ. ಬಂಡೆ ಎಂಬತ್ತು ಅಡಿ ದೂರದಲ್ಲಿತ್ತು.

2012ರ ಫೆಬ್ರವರಿ 15ರಂದು ಕೇರಳದ ಕರಾವಳಿಯಾಚೆ ನಡೆದದ್ದು ನಿಮಗೆಲ್ಲ ನೆನಪಿರಬಹುದು. 'ಎನ್ರಿಕಾ ಲೆಕ್ಸಿ' ಎಂಬ ಇಟಲಿಯ ತೈಲ ಹಡಗಿನ ಕಾವಲಿಗಿದ್ದ ಸೈನಿಕರು 'ಸೇಂಟ್ ಆ್ಯಂಟನಿ' ಎಂಬ ಮೀನು ದೋಣಿಯನ್ನು ಕಡಲ್ಗಳ್ಳರದ್ದು ಅಂದುಕೊಂಡು ಗುಂಡು ಹಾರಿಸಿದರು. ಇಬ್ಬರು ಮೀನುಗಾರರು ಸತ್ತರು. ತರಬೇತಿ ಪಡೆದ ಸೈನಿಕರು, ಹಗಲು ಹೊತ್ತು, ಎತ್ತರದ ಹಡಗು. ಆದರೂ ತಪ್ಪಿತು. ಒಂಬತ್ತು ವರ್ಷ ಎರಡು ದೇಶಗಳು ಬಡಿದಾಡಿ, 10 ಕೋಟಿ ರೂಪಾಯಿ ಪರಿಹಾರ ಕಟ್ಟಿದ ಮೇಲೆ 2021ರಲ್ಲಿ ಸುಪ್ರೀಂ ಕೋರ್ಟ್ ಕೇಸು ಮುಗಿಸಿತು. ಮಲ್ಪೆ, ಗಂಗೊಳ್ಳಿ, ಕಾರವಾರದ ಯಾವ ತಾಂಡೇಲರನ್ನು, ಅಂದರೆ ಮೀನು ದೋಣಿ ನಡೆಸುವವರನ್ನು, ಕೇಳಿದರೂ ಹೇಳುತ್ತಾರೆ: ಬಲೆ ಉಳಿಸಿಕೊಳ್ಳಲು ಮೀನು ದೋಣಿ ದೊಡ್ಡ ಹಡಗಿನ ಕಡೆ ಬರುವುದು ಮಾಮೂಲಿ. ನಿಮ್ಮ ಕಡೆ ವೇಗವಾಗಿ ಬರುವ ದೋಣಿ ಬಹಳ ಸಲ "ನನ್ನ ಬಲೆ ಮೇಲೆ ಹೋಗಬೇಡ" ಎಂದು ಕೂಗಲು ಬರುತ್ತಿರುತ್ತದೆ.

ಹಾಗಾಗಿ ಕ್ರಮ ಹೀಗಿರಲಿ. ಮೊದಲು ಬೆಳಕು, ಹಾರ್ನ್. ಆಮೇಲೆ ವಿಎಚ್‌ಎಫ್ ರೇಡಿಯೊದ 16ನೇ ಚಾನೆಲ್ಲಿನಲ್ಲಿ ಜೋರಾಗಿ ಕರೆ, ಅಕ್ಕಪಕ್ಕದ ದೋಣಿಗಳಿಗೂ ಕೇಳಲಿ. ಅಪಾಯ ಖಚಿತವಾದರೆ ರೇಡಿಯೊದ ಕೆಂಪು ಗುಂಡಿ ಒತ್ತಿ ಹಿಡಿಯಿರಿ, ನೀವಿರುವ ಜಾಗ ತಾನೇ ಹೋಗುತ್ತದೆ. ಸಾಧ್ಯವಾದರೆ ಎಂಜಿನ್ ಹಾಕಿ ಅಲ್ಲಿಂದ ಹೊರಡಿ. ಒಳಗೆ ಸೇರಿ ಬಾಗಿಲು ಹಾಕಿಕೊಳ್ಳಿ. ನಾವು ಒಳಗಿನಿಂದ ಬೀಗ ಹಾಕಬಹುದಾದ ಸ್ಟೀಲ್ ಸರಳು ಮಾಡಿಸಿದ್ದೇವೆ, ಅದರ ಖರ್ಚು ಕೋವಿಯ ಅರ್ಧ. ನೆಮ್ಮದಿ ಎರಡರಷ್ಟು. ಮೇಜಿನ ಮೇಲೆ ಕಳ್ಳರಿಗೆಂದೇ ಒಂದು ಹಳೇ ಪರ್ಸು, ಒಂದಿಷ್ಟು ಡಾಲರ್, ಒಂದು ಹಳೇ ಫೋನ್. ಸಣ್ಣ ದೋಣಿಯನ್ನು ರಾತ್ರಿ ನೀರಲ್ಲಿ ಬಿಡಬೇಡಿ. ಹಾಯಿ ಎಳೆಯುವ ಹಗ್ಗದಲ್ಲೇ ಪಕ್ಕಕ್ಕೆ ಎತ್ತಿ ಕಟ್ಟಿ, ಬೀಗ ಹಾಕಿ.

ಹೋಗುವ ಜಾಗದ ಬಗ್ಗೆ ಓದಿಕೊಂಡು ಹೋಗಿ. 2015ರ ಡಿಸೆಂಬರ್‌ನಲ್ಲಿ ಟ್ರಿನಿಡಾಡ್ ಮತ್ತು ಗ್ರೆನಡಾ ನಡುವೆ ಎರಡು ಹಾಯಿದೋಣಿಗಳನ್ನು ದೋಚಿದರು. ಆಮೇಲೆ ಆ ದಾರಿಯವರು ಗುಂಪಾಗಿ ಹೋಗತೊಡಗಿದರು, ಸಾಗುವ ದಾರಿಯನ್ನು ಅಧಿಕಾರಿಗಳಿಗೆ ಮೊದಲೇ ತಿಳಿಸತೊಡಗಿದರು. ಕೆರಿಬಿಯನ್ ಸೇಫ್ಟಿ ಆ್ಯಂಡ್ ಸೆಕ್ಯುರಿಟಿ ನೆಟ್ ಇಂಥ ಘಟನೆಗಳನ್ನು ದಾಖಲಿಸುತ್ತದೆ. ಲಂಗರು ಹಾಕುವ ಮೊದಲು ಆ ಕೊಲ್ಲಿಯ ಹೆಸರು ಅಲ್ಲಿ ಹುಡುಕುವುದು ನಮಗೆ ಈಗ ರೂಢಿ.

ನಮ್ಮ ಕರಾವಳಿಗೆ ಬರುವವರಿಗೆ

ವಿದೇಶಿ ಬಾವುಟದ ದೋಣಿಯಲ್ಲಿ ಗೋವಾ, ಕೊಚ್ಚಿ ಕಡೆ ಬರುವ ಆಸೆ ಇರುವವರಿಗೆ ನನ್ನ ಸಲಹೆ ಒಂದೇ: ಕೋವಿ ತರಬೇಡಿ. 2013ರ ಅಕ್ಟೋಬರ್‌ನಲ್ಲಿ 'ಸೀಮನ್ ಗಾರ್ಡ್ ಓಹಿಯೊ' ಎಂಬ ಖಾಸಗಿ ಕಾವಲು ಹಡಗನ್ನು ತೂತ್ತುಕುಡಿ ಹತ್ತಿರ ನಮ್ಮ ಕೋಸ್ಟ್ ಗಾರ್ಡ್ ಹಿಡಿಯಿತು. ಹಡಗಿನಲ್ಲಿ 35 ಜನ. ಕಡಲ್ಗಳ್ಳರಿಂದ ಕಾಯುವುದೇ ಅವರ ವೃತ್ತಿ. ನಾವು ಭಾರತದ ನೀರಿನಲ್ಲಿ ಇರಲಿಲ್ಲ ಎಂದು ಅವರ ವಾದ. 2016ರ ಜನವರಿಯಲ್ಲಿ ಐದು ವರ್ಷ ಶಿಕ್ಷೆ ಆಯಿತು, 2017ರ ನವೆಂಬರ್‌ನಲ್ಲಿ ಮದ್ರಾಸ್ ಹೈಕೋರ್ಟ್ ಬಿಡುಗಡೆ ಮಾಡಿತು. ನಿರಪರಾಧಿ ಎಂದು ಕೊನೆಗೆ ತೀರ್ಪು ಬಂದರೂ ನಾಲ್ಕು ವರ್ಷ ಹೋದದ್ದು ಹೋಯಿತು. ತರಲೇಬೇಕು ಎಂದಿದ್ದರೆ ಏಜೆಂಟ್ ಮೂಲಕ ಕಸ್ಟಮ್ಸ್‌ಗೆ ಮೊದಲೇ ಬರೆದು, ಲಿಖಿತ ಉತ್ತರ ಕೈಗೆ ಬರುವವರೆಗೆ 12 ಮೈಲಿಯ ಒಳಗೆ ಬರಬೇಡಿ.

ಊರಲ್ಲೇ ದೋಣಿ ಇರುವವರು ಪರವಾನಗಿಯ ಕೋವಿಯನ್ನು ಕಡಲಿಗೆ ಒಯ್ಯುವ ಮುನ್ನ, ಪರವಾನಗಿ ಪುಸ್ತಕದಲ್ಲಿ ಯಾವ ಪ್ರದೇಶಕ್ಕೆ ಎಂದಿದೆ ನೋಡಿಕೊಳ್ಳಿ. ಜಿಲ್ಲಾಡಳಿತವನ್ನೂ ಕರಾವಳಿ ಕಾವಲು ಪೊಲೀಸರನ್ನೂ ಬರಹದಲ್ಲಿ ಕೇಳಿ. ತೋಟದ ಬೆಳೆ ಕಾಯಲು ಕೊಟ್ಟ ಪರವಾನಗಿ ಕಡಲಿಗೂ ಆಗುತ್ತದೆ ಎಂದು ನೀವೇ ತೀರ್ಮಾನಿಸಬೇಡಿ. ಆತ್ಮರಕ್ಷಣೆಯ ಹಕ್ಕು ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳಲ್ಲಿ ಇದೆ. ಅಗತ್ಯಕ್ಕಿಂತ ಜಾಸ್ತಿ ಹಾನಿ ಮಾಡುವ ಹಕ್ಕು ಅದರಲ್ಲಿ ಇಲ್ಲ. ನಮ್ಮ ನೀರಿನಲ್ಲಿ ತೊಂದರೆಯಾದರೆ ಕೋಸ್ಟ್ ಗಾರ್ಡ್ 1554, ಕರಾವಳಿ ಪೊಲೀಸ್ 1093. ಎರಡನ್ನೂ ರೇಡಿಯೊ ಪಕ್ಕ ದಪ್ಪಕ್ಷರದಲ್ಲಿ ಬರೆದು ಅಂಟಿಸಿ.

ವಾಪಸ್ ಬರುವಾಗ

ದೇಶ ಬಿಡುವ ಹಿಂದಿನ ಸಂಜೆ ತೋಟಾ ಎಣಿಸಿ. ಒಳಗೆ ಬರುವಾಗ ಬರೆಸಿದ ಸಂಖ್ಯೆಯೇ ಇರಬೇಕು. ಒಂದು ಕಡಿಮೆ ಬಂದರೆ ನೆಲದ ಹಲಗೆ ಎತ್ತಿ ಹುಡುಕಿ. ಸಿಗದಿದ್ದರೆ ನೀವೇ ಹೋಗಿ ಹೇಳಿ. ಕೋವಿಯನ್ನು ಅವರು ಇಟ್ಟುಕೊಂಡಿದ್ದರೆ ಕಚೇರಿ ತೆರೆಯುವ ಸಮಯ, ಹಬ್ಬ, ಭಾನುವಾರ ಮೊದಲೇ ಕೇಳಿಟ್ಟುಕೊಳ್ಳಿ. ಶುಕ್ರವಾರ ಸಂಜೆ ಗಾಳಿ ಚೆನ್ನಾಗಿದೆ ಎಂದು ಹೊರಟರೆ ಕೀಲಿ ಇರುವ ಅಧಿಕಾರಿ ಸೋಮವಾರ ಬರುತ್ತಾರೆ.

ಅಮೆರಿಕಕ್ಕೆ ಬಂದಮೇಲೆ ಮೊದಲ ಪ್ರಶ್ನೆಯಲ್ಲೇ ಕೋವಿ ಇದೆ ಎಂದು ಹೇಳಿ, 4457 ತೋರಿಸಿ. ಮನೆಗೆ ಬಂದ ದಿನವೇ ಕೋವಿಯನ್ನು ಪೂರ್ತಿ ಬಿಚ್ಚಿ ಉಪ್ಪು ಒರೆಸಿ, ಎಣ್ಣೆ ಹಾಕಿ ಇಡಿ. ನಾಳೆ ಮಾಡೋಣ ಅಂದರೆ ತುಕ್ಕು ಕಾಯುವುದಿಲ್ಲ. ಫಾರ್ಮನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸಿ. ಬಟ್ಟೆಗಳನ್ನು ವಾಷಿಂಗ್ ಮಷೀನಿಗೆ ಹಾಕುವ ಮೊದಲು ಎಲ್ಲಾ ಜೇಬು ಹೊರಗೆ ತಿರುವಿ ನೋಡಿ.